ಲಂಡನ್ನಿನ ಆಯ್ಸ್ಟರ್ ಕಾರ್ಡು: ಮನೆಖರ್ಚಿನ ಲೆಕ್ಕ ಇಡುವವರ ಕಣ್ಣಿನಿಂದ

ಲಂಡನ್ನಿನಲ್ಲಿ ಸಂಸಾರ ಹೂಡಿ ತಿಂಗಳ ಖರ್ಚು ಬರೆಯಲು ಕೂತವರಿಗೆ ಮೊದಲ ಕೆಲವು ಸಾಲುಗಳು ಕಷ್ಟ ಕೊಡುವುದಿಲ್ಲ. ಬಾಡಿಗೆ ಎಷ್ಟೆಂಬುದು ಕರಾರಿನಲ್ಲೇ ಇರುತ್ತದೆ. ಅದನ್ನು ವಾರದ ಲೆಕ್ಕದಲ್ಲಿ ಹೇಳಿದ್ದರೆ ನಾಲ್ಕರಿಂದ ಗುಣಿಸುವ ತಪ್ಪು ಮಾಡದೆ ಐವತ್ತೆರಡರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಬೇಕು, ಅಂದರೆ ವಾರಕ್ಕೆ 300 ಪೌಂಡಿನ ಮನೆ ತಿಂಗಳಿಗೆ 1,200 ಅಲ್ಲ, 1,300 ಪೌಂಡ್ ಎಂಬುದೊಂದನ್ನು ನೆನಪಿಟ್ಟರೆ ಸಾಕು. ನಮ್ಮ ಕಡೆ ಮನೆಯ ಮಾಲೀಕರು ಕಟ್ಟುವ ಕಂದಾಯದಂಥ ಕೌನ್ಸಿಲ್ ಟ್ಯಾಕ್ಸನ್ನು ಇಲ್ಲಿ ಸಾಮಾನ್ಯವಾಗಿ ಬಾಡಿಗೆಗೆ ಇರುವವರೇ ಕಟ್ಟಬೇಕು, ಅದರ ಮೊತ್ತವೂ ವರ್ಷಾರಂಭದಲ್ಲೇ ಪತ್ರದಲ್ಲಿ ಬರುತ್ತದೆ. ದಿನಸಿಯ ಲೆಕ್ಕ ಎರಡು ತಿಂಗಳಲ್ಲಿ ಕೈಗೆ ಹತ್ತುತ್ತದೆ. ಒಂದು ಸಾಲು ಮಾತ್ರ ವರ್ಷವಾದರೂ ಅಳತೆಗೆ ಸಿಗುವುದಿಲ್ಲ, ಅದು ಓಡಾಟದ ಖರ್ಚು. ಆ ಸಾಲನ್ನು ಹತೋಟಿಗೆ ತರುವುದಕ್ಕೆ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಸಂಸ್ಥೆಯ ಪ್ರಯಾಣದ ಕಾರ್ಡು ಎಷ್ಟರ ಮಟ್ಟಿಗೆ ನೆರವಾಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆಯೇ, ಒಳಗೆ ಸೆಕೆ ಎಷ್ಟು ಎಂಬುದನ್ನೆಲ್ಲ ಬೇರೆಯವರು ಸಾಕಷ್ಟು ಬರೆದಿದ್ದಾರೆ.

ಆಯ್ಸ್ಟರ್ ಎಂಬ ನೀಲಿ ಪ್ಲಾಸ್ಟಿಕ್ ಕಾರ್ಡು 2003ರಲ್ಲಿ ಬಂತು. ಮೊದಲೇ ದುಡ್ಡು ತುಂಬಿಸಿ, ಸ್ಟೇಷನ್ನಿನ ಗೇಟಿನಲ್ಲಿ ಒಳಹೋಗುವಾಗಲೂ ಹೊರಬರುವಾಗಲೂ ಮುಟ್ಟಿಸುವುದು, ಬಸ್ಸಿನಲ್ಲಾದರೆ ಹತ್ತುವಾಗ ಒಮ್ಮೆ ಮಾತ್ರ ಮುಟ್ಟಿಸುವುದು ಅದರ ಕ್ರಮ. 2012ರ ಕೊನೆಯಲ್ಲಿ ಬಸ್ಸುಗಳಲ್ಲಿಯೂ 2014ರ ಸೆಪ್ಟೆಂಬರಿನಲ್ಲಿ ಸುರಂಗ ರೈಲಿನಲ್ಲಿಯೂ ಬ್ಯಾಂಕಿನ ಕಾರ್ಡನ್ನೇ ನೇರವಾಗಿ ಮುಟ್ಟಿಸುವ ಅನುಕೂಲ ಬಂದ ಮೇಲೆ ಬಹಳ ಜನ ನೀಲಿ ಕಾರ್ಡನ್ನು ಮರೆತರು. ವಯಸ್ಕರಿಗೆ ಎರಡರಲ್ಲೂ ದರ ಒಂದೇ, ಎರಡಕ್ಕೂ ದಿನದ ಮಿತಿ ಮತ್ತು ವಾರದ ಮಿತಿ ಇವೆ. ಮಿತಿಯೆಂದರೇನು ಎಂಬುದನ್ನು ಬೆಂಗಳೂರಿನವರಿಗೆ ಬಿಎಂಟಿಸಿಯ ದಿನದ ಪಾಸಿನಿಂದ ವಿವರಿಸುವುದು ಸುಲಭ. ಪಾಸು ತೆಗೆದುಕೊಳ್ಳುವವನು ಬೆಳಿಗ್ಗೆಯೇ, ಇವತ್ತು ನಾಲ್ಕು ಬಸ್ಸು ಹತ್ತುತ್ತೇನೋ ಎರಡರಲ್ಲೇ ಮನೆಗೆ ಬರುತ್ತೇನೋ ಎಂದು ಊಹಿಸಿ ದುಡ್ಡು ಕೊಡಬೇಕು. ಊಹೆ ತಪ್ಪಿದರೆ ನಷ್ಟ ಅವನದು. ಇಲ್ಲಿ ಊಹಿಸುವ ಗೋಜಿಲ್ಲ. ಒಂದೊಂದೇ ಟಿಕೆಟ್ಟಿನ ದರ ಕಡಿತವಾಗುತ್ತ ಹೋಗಿ ಒಂದು ಮೊತ್ತವನ್ನು ಮುಟ್ಟಿದ ಕೂಡಲೇ ಕಡಿತ ನಿಲ್ಲುತ್ತದೆ, ಅಲ್ಲಿಂದಾಚೆಗೆ ಆ ದಿನದ ಓಡಾಟವೆಲ್ಲ ಬಿಟ್ಟಿ. ಪಾಸನ್ನು ಮೊದಲು ಕೊಳ್ಳದೆಯೇ ಸಂಜೆ ಹಿಂದಿನಿಂದ ಪಾಸು ಸಿಕ್ಕಂತೆ. ದಿನವೆಂದರೆ ಇಲ್ಲಿ ಬೆಳಗಿನ ಜಾವ ನಾಲ್ಕೂವರೆಯಿಂದ ಮರುದಿನದ ನಾಲ್ಕೂವರೆಯವರೆಗೆ. ವಾರವೆಂದರೆ ಸೋಮವಾರದಿಂದ ಭಾನುವಾರ.

ಈ ಏರ್ಪಾಡಿನ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಹೊಸದಾಗಿ ಬಂದವರು, ಅವರಲ್ಲಿ ಮೊದಲಿಗನಾಗಿ ನಾನು, ಮಿತಿಯ ಅಂಕಿಯನ್ನು ನೋಡಿ ಅದನ್ನೇ ಬಜೆಟ್ಟಿನಲ್ಲಿ ಬರೆದುಬಿಡುತ್ತೇವೆ, ಅಲ್ಲೇ ಎಡವುತ್ತೇವೆ. 2025ರ ಮಾರ್ಚಿನಲ್ಲಿ ಜಾರಿಗೆ ಬಂದ ದರಪಟ್ಟಿಯಂತೆ ನಗರದ ನಡುವಿನಿಂದ ಹೊರಕ್ಕೆ ಎಣಿಸುವ ಝೋನು ಎಂಬ ದರವಲಯಗಳಲ್ಲಿ ಒಂದು ಮತ್ತು ಎರಡನೆಯದರ ನಡುವೆ ಓಡಾಡುವವರಿಗೆ ದಿನದ ಮಿತಿ 8.90 ಪೌಂಡ್, ವಾರದ ಮಿತಿ 44.70, ಮೂರನೆಯ ಝೋನಿನವರೆಗಾದರೆ 10.50 ಮತ್ತು 52.50, ನಾಲ್ಕನೆಯದರವರೆಗೆ 12.80 ಮತ್ತು 64.20. ಈಗ ದಿನದ ಮಿತಿಯನ್ನು ಐದರಿಂದ ಗುಣಿಸಿ ನೋಡಿ. ಮೂರನೆಯ ಝೋನಿನದು ಸರಿಯಾಗಿ ವಾರದ ಮಿತಿಯಷ್ಟೇ ಆಗುತ್ತದೆ, ಉಳಿದೆರಡು ಕೂದಲೆಳೆಯಷ್ಟು ಕಡಿಮೆ ಬೀಳುತ್ತವೆ. ಅಂದರೆ ವಾರದ ಐದೂ ದಿನ ದಿನದ ಮಿತಿ ಮುಟ್ಟುವಷ್ಟು ಅಲೆದವನಿಗೂ ವಾರದ ಮಿತಿಯಿಂದ ಒಂದು ಪೆನ್ನಿಯೂ ಉಳಿಯುವುದಿಲ್ಲ. ಉಳಿತಾಯವೇನಿದ್ದರೂ ಆರನೆಯ, ಏಳನೆಯ ದಿನವೂ ಓಡಾಡುವವನಿಗೆ. ಇನ್ನು ದಿನದ ಮಿತಿಯನ್ನಾದರೂ ಮುಟ್ಟುವವರು ಎಷ್ಟು ಜನ? ಮೂರನೆಯ ಝೋನಿನಿಂದ ಒಂದನೆಯದಕ್ಕೆ ದಟ್ಟಣೆಯ ಹೊತ್ತಿನಲ್ಲಿ ಹೋದರೂ ಆ ಪಟ್ಟಿಯಲ್ಲಿ ಒಂದು ಸಲದ ದರ ನಾಲ್ಕು ಪೌಂಡಿನ ಒಳಗೇ ಇದ್ದುದರಿಂದ, ಆಫೀಸಿಗೆ ಹೋಗಿ ನೇರವಾಗಿ ಮನೆಗೆ ಬರುವವನ ದಿನದ ಖರ್ಚು ಎಂಟು ಪೌಂಡನ್ನು ದಾಟುತ್ತಿರಲಿಲ್ಲ, ಮಿತಿಯಾದರೋ ಹತ್ತೂವರೆಯಲ್ಲಿತ್ತು. ಮಿತಿ ಪ್ರವಾಸಿಗಳಿಗೆ, ಮನೆಯಿಂದ ಮನೆಗೆ ಓಡಾಡಿ ಕೆಲಸ ಮಾಡುವವರಿಗೆ ನೆರಳು. ನಮ್ಮಂಥ ಸಂಸಾರಸ್ಥರಿಗೆ ಅದು ದೂರದ ಬೇಲಿ.

ನಮ್ಮ ಮನೆಯ ಲೆಕ್ಕವನ್ನೇ ಹೇಳುತ್ತೇನೆ. ನಾವು ಇರುವುದು ನಗರದ ಪೂರ್ವಕ್ಕೆ, ಈಸ್ಟ್ ಹ್ಯಾಮಿನಲ್ಲಿ. ನಾನು ವಾರಕ್ಕೆ ಮೂರು ದಿನ ಆಲ್ಡ್‌ಗೇಟ್ ಕಡೆಯ ಆಫೀಸಿಗೆ ಡಿಸ್ಟ್ರಿಕ್ಟ್ ಲೈನ್ ಎಂಬ ಸುರಂಗ ರೈಲಿನಲ್ಲಿ ಹೋಗುತ್ತೇನೆ. ಹೆಂಡತಿ ಐದು ದಿನ ಸ್ಟ್ರ್ಯಾಟ್‌ಫರ್ಡಿಗೆ ಬಸ್ಸಿನಲ್ಲಿ ಹೋಗುತ್ತಾಳೆ. ಮಗಳಿಗೆ ಎಂಟು ವರ್ಷ, ಹನ್ನೊಂದರೊಳಗಿನ ಮಕ್ಕಳಿಗೆ ಬಸ್ಸೂ, ದೊಡ್ಡವರ ಜೊತೆಗಿದ್ದರೆ ಸುರಂಗ ರೈಲೂ ಉಚಿತ. ಮೊದಲ ಸಲ ಬಜೆಟ್ ಬರೆದಾಗ ನನ್ನ ಹೆಸರಿಗೆ ಮೂರು ಝೋನಿನ ವಾರದ ಮಿತಿಯನ್ನೂ ಅವಳ ಹೆಸರಿಗೆ ಬಸ್ಸಿನ ವಾರದ ಮಿತಿಯಾದ 24.70 ಪೌಂಡನ್ನೂ ಹಾಕಿ, ತಿಂಗಳಿಗೆ 335 ಪೌಂಡ್ ಎಂದು ಬರೆದೆ. ಇದಕ್ಕಿಂತ ಹೆಚ್ಚಾಗಲಾರದು ಎಂಬ ಧೈರ್ಯವಿತ್ತು. ಮೂರು ತಿಂಗಳು ಬ್ಯಾಂಕ್ ಕಾರ್ಡನ್ನು ಮುಟ್ಟಿಸಿಕೊಂಡು ಓಡಾಡಿದ ಮೇಲೆ ನೋಡಿದರೆ ತಿಂಗಳಿಗೆ 250ರ ಆಸುಪಾಸು ಖರ್ಚಾಗಿತ್ತು. ಬರೆದದ್ದಕ್ಕಿಂತ ಕಡಿಮೆಯೇ ಆಯಿತೆಂದು ಸಂತೋಷಪಟ್ಟೆವು. ಎಲ್ಲಿ, ಯಾವಾಗ, ಏಕೆ ಖರ್ಚಾಯಿತು ಎಂದು ಕೇಳಿದ್ದರೆ ಇಬ್ಬರಿಗೂ ಉತ್ತರ ಗೊತ್ತಿರಲಿಲ್ಲ.

ಇಲ್ಲಿಯೇ ಎರಡು ಕಾರ್ಡುಗಳ ನಡುವಿನ ನಿಜವಾದ ಅಂತರ ಇರುವುದು. ಬ್ಯಾಂಕ್ ಕಾರ್ಡನ್ನು ಗೇಟಿಗೆ ಹಿಡಿದರೆ ಬಾಗಿಲು ತೆರೆದುಕೊಳ್ಳುತ್ತದೆ, ಅಷ್ಟೇ. ಎಷ್ಟು ಕಡಿತವಾಯಿತೆಂದು ಅದು ಹೇಳುವುದಿಲ್ಲ, ಹೇಳಲೂ ಬಾರದು, ಏಕೆಂದರೆ ಇಡೀ ದಿನದ ಪ್ರಯಾಣಗಳನ್ನು ರಾತ್ರಿ ಒಟ್ಟುಗೂಡಿಸಿ, ಮಿತಿಯನ್ನು ಅನ್ವಯಿಸಿ, ಒಂದೇ ಮೊತ್ತವಾಗಿ ಬ್ಯಾಂಕಿಗೆ ಕಳಿಸುವುದು ಅದರ ಪದ್ಧತಿ. ನೀಲಿ ಕಾರ್ಡನ್ನು ಹಿಡಿದರೆ ಗೇಟಿನ ಪುಟ್ಟ ಪರದೆಯ ಮೇಲೆ ಉಳಿದ ಹಣ ಮೂಡುತ್ತದೆ. ಸೋಮವಾರ ಬೆಳಿಗ್ಗೆ 25 ಇದ್ದದ್ದು ಬುಧವಾರ ಸಂಜೆಗೆ ಹತ್ತರ ಕೆಳಗೆ ಬಂದಿದ್ದರೆ ಶುಕ್ರವಾರದ ಓಡಾಟವನ್ನು ಮನುಷ್ಯ ತಾನಾಗಿಯೇ ಮರುಯೋಚಿಸುತ್ತಾನೆ. ನಮ್ಮಮ್ಮ ಹಾಲಿನ ದುಡ್ಡು, ತರಕಾರಿಯ ದುಡ್ಡು ಎಂದು ಬೇರೆ ಬೇರೆ ಡಬ್ಬಿಗಳಲ್ಲಿ ಇಡುತ್ತಿದ್ದುದರ ಗುಟ್ಟು ಇದೇ: ಡಬ್ಬಿ ಬರಿದಾಗುವುದು ಕಣ್ಣಿಗೆ ಕಾಣಬೇಕು. ದರ ಒಂದೇ ಆದರೂ, ಸೌಕರ್ಯದಲ್ಲಿ ಹಿಂದುಳಿದಂತೆ ಕಂಡರೂ, ಲೆಕ್ಕ ಇಟ್ಟು ಬದುಕಬೇಕೆನ್ನುವ ಮನೆಗೆ ನೀಲಿ ಕಾರ್ಡೇ ಮೇಲು ಎಂಬುದು ನನ್ನ ತೀರ್ಮಾನ. ಈಗ ಪ್ರತಿ ಸೋಮವಾರ ನನ್ನ ಕಾರ್ಡಿಗೆ 25, ಅವಳದಕ್ಕೆ 20 ಪೌಂಡ್ ಹಾಕುತ್ತೇವೆ; ತಿಂಗಳಿಗೆ ಲೆಕ್ಕ ಹಾಕಿದರೆ 195. ಹಣ ಕಡಿಮೆಯಾದ ಕೂಡಲೇ ಬ್ಯಾಂಕಿನಿಂದ ತಾನೇ ತುಂಬಿಕೊಳ್ಳುವ ಸೌಲಭ್ಯವೂ ಈ ಕಾರ್ಡಿನಲ್ಲಿದೆ. ಅದನ್ನು ಚಾಲೂ ಮಾಡಿದರೆ ಡಬ್ಬಿಯ ತಳಕ್ಕೆ ತೂತು ಕೊರೆದಂತೆಯೇ, ಆದ್ದರಿಂದ ನಾವು ಮಾಡಿಲ್ಲ.

ಬಂದ ಹೊಸದರಲ್ಲಿ ಬ್ಯಾಂಕಿನ ಖಾತೆಯೇ ಇಲ್ಲದ ವಿದ್ಯಾರ್ಥಿಗಳಿಗೆ ಇದರಿಂದ ಇನ್ನೊಂದು ಪ್ರಯೋಜನವಿದೆ. ಬೀದಿ ಮೂಲೆಯ ಅನೇಕ ಅಂಗಡಿಗಳಲ್ಲಿ ನಗದು ಕೊಟ್ಟು ಕಾರ್ಡು ತುಂಬಿಸಿಕೊಳ್ಳಬಹುದು. ಊರಿನಿಂದ ತಂದ ಬ್ಯಾಂಕ್ ಕಾರ್ಡನ್ನು ಗೇಟಿಗೆ ಹಿಡಿಯುತ್ತ ಹೋದರೆ, ಬ್ಯಾಂಕಿನವರು ವಿದೇಶಿ ವಹಿವಾಟಿಗೆ ಹಾಕುವ ಶುಲ್ಕ ದಿನದಿನವೂ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಹದಿನಾರರಿಂದ ಇಪ್ಪತ್ತೈದರ ವಯಸ್ಸಿನವರು ರೈಲ್‌ಕಾರ್ಡ್ ಮಾಡಿಸಿ ಅದನ್ನು ಸ್ಟೇಷನ್ನಿನ ಸಿಬ್ಬಂದಿಯಿಂದ ಆಯ್ಸ್ಟರ್‌ಗೆ ಜೋಡಿಸಿಕೊಂಡರೆ ದಟ್ಟಣೆಯಿಲ್ಲದ ಹೊತ್ತಿನ ರೈಲು ದರದಲ್ಲಿ ಮೂರನೆಯ ಒಂದು ಭಾಗ ಕಡಿಮೆಯಾಗುತ್ತದೆ. ಬ್ಯಾಂಕ್ ಕಾರ್ಡಿಗೆ ಈ ಜೋಡಣೆ ಸಾಧ್ಯವಿಲ್ಲ, ಇದು ಗೊತ್ತಿಲ್ಲದೆ ಓದು ಮುಗಿಸಿ ಹೋದವರನ್ನು ನೋಡಿದ್ದೇನೆ.

ಬ್ಯಾಂಕ್ ಕಾರ್ಡಿನ ಕಾಲದಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳದೆ ಇರಲಾರೆ, ಅದರ ಹೊಣೆ ಪೂರ್ತಿ ನನ್ನದೇ. ಒಂದು ಶನಿವಾರ ಊರಿನಿಂದ ಬಂದ ಗೆಳೆಯನಿಗೆ ನಗರ ತೋರಿಸಲು ಹೊರಟವನು ಬೆಳಿಗ್ಗೆ ಕಾರ್ಡನ್ನೂ, ಮಧ್ಯಾಹ್ನದಿಂದ ಫೋನನ್ನೂ ಮುಟ್ಟಿಸಿದೆ. ಫೋನಿನಲ್ಲಿರುವುದೂ ಅದೇ ಕಾರ್ಡು, ಅದೇ ಖಾತೆ ಎಂದು ನನ್ನ ವಾದ. ಗೇಟಿನ ಯಂತ್ರಕ್ಕೆ ಮಾತ್ರ ಅವೆರಡೂ ಬೇರೆ ಬೇರೆ ಪ್ರಯಾಣಿಕರು, ಆದ್ದರಿಂದ ಎರಡರಲ್ಲೂ ಮೊದಲಿನಿಂದ ಎಣಿಕೆ ನಡೆದು ದಿನದ ಮಿತಿಯ ಲಾಭ ಕೈತಪ್ಪಿತು. ಒಳಗೆ ಮುಟ್ಟಿಸಿ ಹೊರಗೆ ಮುಟ್ಟಿಸದೆ ಬಂದರೆ ಎಲ್ಲಿ ಇಳಿದಿರಿ ಎಂದು ಗೊತ್ತಾಗದೆ ಗರಿಷ್ಠ ದರ ಬೀಳುತ್ತದೆ ಎಂಬುದೂ ಇದೇ ಜಾತಿಯ ಸಂಗತಿ. ಗೇಟೇ ಇಲ್ಲದ ಕೆಲವು ಸ್ಟೇಷನ್ನುಗಳಲ್ಲಿ ಕಂಬದ ಮೇಲಿನ ಯಂತ್ರವನ್ನು ಹುಡುಕಿ ಮುಟ್ಟಿಸಬೇಕಾಗುತ್ತದೆ, ಮಾತನಾಡಿಕೊಂಡು ನಡೆದುಬಿಟ್ಟರೆ ದಂಡ ತೆತ್ತಂತೆ. ಖಾತೆ ತೆರೆದು ಕಾರ್ಡನ್ನು ನೋಂದಾಯಿಸಿಕೊಂಡಿದ್ದರೆ ಇಂಥ ಅರೆಪ್ರಯಾಣಗಳು ಪಟ್ಟಿಯಲ್ಲಿ ಕಾಣುತ್ತವೆ, ಮರುಪಾವತಿಯನ್ನೂ ಕೇಳಬಹುದು.

ಬಸ್ಸಿನ ವಿಷಯಕ್ಕೆ ಬಂದರೆ ನನ್ನ ಬಾಯಿಂದ ಹೊಗಳಿಕೆಯೇ ಹೆಚ್ಚು ಬರುತ್ತದೆ. 2025ರ ಅದೇ ದರಪಟ್ಟಿಯಂತೆ ಒಂದು ಸಲಕ್ಕೆ 1.75 ಪೌಂಡ್, ಎರಡು ಸ್ಟಾಪಿಗೂ ಅಷ್ಟೇ, ಊರಿನ ಆ ತುದಿಯವರೆಗೆ ಹೋದರೂ ಅಷ್ಟೇ, ದಟ್ಟಣೆಯ ಹೊತ್ತಿನಲ್ಲಿ ಹೆಚ್ಚು, ಉಳಿದ ಹೊತ್ತು ಕಡಿಮೆ ಎಂಬ ಭೇದವೂ ಇಲ್ಲ. 2016ರ ಸೆಪ್ಟೆಂಬರಿನಲ್ಲಿ ಹಾಪರ್ ಎಂಬ ಹೆಸರಿನ ದರ ಬಂತು. ಮೊದಲ ಬಸ್ಸಿನಲ್ಲಿ ಮುಟ್ಟಿಸಿದ ಹೊತ್ತಿನಿಂದ ಒಂದು ಗಂಟೆಯೊಳಗೆ ಎರಡನೆಯ ಬಸ್ಸು ಹತ್ತಿದರೆ ಅದಕ್ಕೆ ದುಡ್ಡಿಲ್ಲ; 2018ರಿಂದ ಆ ಗಂಟೆಯೊಳಗೆ ಎಷ್ಟು ಬಸ್ಸು ಹತ್ತಿದರೂ ಲೆಕ್ಕಕ್ಕಿಲ್ಲ. ಇದನ್ನು ಬಸ್ಸು ಬದಲಿಸುವವರ ಸೌಲಭ್ಯವೆಂದು ಬಹಳ ಜನ ತಿಳಿದಿದ್ದಾರೆ. ನಮ್ಮ ಮನೆಯಲ್ಲಿ ಅದರ ದೊಡ್ಡ ಉಪಯೋಗವಾಗುವುದು ಸಂತೆಗೆ. ಅಪ್ಟನ್ ಪಾರ್ಕಿನ ಕ್ವೀನ್ಸ್ ಮಾರ್ಕೆಟ್ಟಿನಲ್ಲಿ ತರಕಾರಿಯನ್ನು ಬೋಗುಣಿಗಳಲ್ಲಿ ತುಂಬಿಟ್ಟು, ಬೋಗುಣಿಗೆ ಇಷ್ಟು ಎಂದು ಮಾರುತ್ತಾರೆ. ಬದನೆ, ಬೆಂಡೆ, ಹಸಿಮೆಣಸು, ಕೊತ್ತಂಬರಿಗಳಿಗೆ ಸೂಪರ್‌ಮಾರ್ಕೆಟ್ಟಿನ ಪ್ಲಾಸ್ಟಿಕ್ ಪೊಟ್ಟಣದ ಬೆಲೆಗೂ ಇಲ್ಲಿನ ಬೆಲೆಗೂ ಹೋಲಿಕೆಯೇ ಇಲ್ಲ. ಹೆಂಡತಿ ಶನಿವಾರ ಬಸ್ಸು ಹತ್ತಿದ ಹೊತ್ತನ್ನು ನೋಡಿಕೊಂಡು, ಮುಕ್ಕಾಲು ಗಂಟೆಯಲ್ಲಿ ವ್ಯಾಪಾರ ಮುಗಿಸಿ, ಗಂಟೆ ತುಂಬುವ ಮೊದಲು ವಾಪಸು ಬಸ್ಸಿನಲ್ಲಿ ಕಾರ್ಡು ಮುಟ್ಟಿಸುತ್ತಾಳೆ. ಹೋಗಿ ಬರುವುದಕ್ಕೆ ಒಂದೇ ಟಿಕೆಟ್ಟು. ವಾರದ ಐದು ದಿನದ ಹತ್ತು ಪ್ರಯಾಣಕ್ಕೆ 17.50, ಸಂತೆಗೆ 1.75, ಒಟ್ಟು 19.25, ಅವಳ ಇಪ್ಪತ್ತರಲ್ಲಿ ಮುಕ್ಕಾಲು ಪೌಂಡ್ ಉಳಿಯುತ್ತದೆ ಎಂಬುದನ್ನು ಅವಳು ನನಗೆ ಆಗಾಗ ನೆನಪಿಸುತ್ತಾಳೆ. ಒಂದು ವಾರ ಹಣ ಮುಗಿದೇ ಹೋದರೂ, ಕಾರ್ಡಿನಲ್ಲಿ ಟಿಕೆಟ್ಟಿಗೆ ಸಾಲುವಷ್ಟು ಇಲ್ಲದಿದ್ದರೂ ಬಸ್ಸು ಒಂದು ಸಲ ಹತ್ತಿಸಿಕೊಂಡು, ಮುಂದೆ ದುಡ್ಡು ತುಂಬಿದಾಗ ಕಡಿದುಕೊಳ್ಳುತ್ತದೆ. ಈ ಕೈಗಡಕ್ಕೆ ಬಡ್ಡಿಯಿಲ್ಲ.

ಆದರೆ ಬಸ್ಸೇ ಎಲ್ಲದಕ್ಕೂ ಮದ್ದು ಎನ್ನಲಾರೆ. ಈಸ್ಟ್ ಹ್ಯಾಮಿನಿಂದ ಆಲ್ಡ್‌ಗೇಟಿಗೆ 115ನೆಯ ನಂಬರಿನ ಬಸ್ಸಿದೆ. ಅದರಲ್ಲಿ ಹೋದರೆ ನನಗೆ ದಿನಕ್ಕೆ ನಾಲ್ಕು ಪೌಂಡಿನಷ್ಟು ಉಳಿಯುತ್ತದೆ, ಬದಲಿಗೆ ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ಎರಡು ವಾರ ಪ್ರಯತ್ನಿಸಿ ಬಿಟ್ಟೆ. ಮಗಳು ಮಲಗುವ ಮೊದಲು ಮನೆ ಸೇರುವುದು ನಾಲ್ಕು ಪೌಂಡಿಗಿಂತ ಹೆಚ್ಚು ಬೆಲೆಯದು ಎಂದು ನನ್ನ ಲೆಕ್ಕ. ಒಬ್ಬಂಟಿಯಾಗಿದ್ದರೆ ಬೇರೆ ತೀರ್ಮಾನ ಮಾಡುತ್ತಿದ್ದೆನೇನೋ.

ಮನೆ ಹುಡುಕುತ್ತಿರುವವರು ಈ ಕಾರ್ಡಿನ ದರಪಟ್ಟಿಯನ್ನು ಬಾಡಿಗೆಯ ಜಾಹೀರಾತಿನ ಪಕ್ಕದಲ್ಲೇ ಇಟ್ಟುಕೊಂಡು ಓದಬೇಕು. ಎರಡನೆಯ ಝೋನಿಗೂ ನಾಲ್ಕನೆಯದಕ್ಕೂ ವಾರದ ಮಿತಿಯಲ್ಲಿ ಇರುವ ಅಂತರ 19.50 ಪೌಂಡ್, ತಿಂಗಳಿಗೆ ಸುಮಾರು 85. ಹೆಚ್ಚೆಂದರೆ ಅಷ್ಟು. ದೂರದ ಮನೆಯ ಬಾಡಿಗೆ ಇದಕ್ಕಿಂತ ಹೆಚ್ಚು ಇಳಿದಿದ್ದರೆ, ದುಡಿಯುವವರು ಇಬ್ಬರಿದ್ದರೆ ಇದರ ಎರಡರಷ್ಟು ಇಳಿದಿದ್ದರೆ, ದೂರ ಹೋಗುವುದೇ ಲಾಭ. ಇದಕ್ಕಿಂತ ಸೂಕ್ಷ್ಮವಾದ ವಿಷಯವೆಂದರೆ ಗಡಿಯ ಸ್ಟೇಷನ್ನುಗಳು. ಕೆಲವು ಸ್ಟೇಷನ್ನುಗಳು ಎರಡು ಝೋನಿಗೂ ಸೇರಿರುತ್ತವೆ, ಯಾವುದು ಪ್ರಯಾಣಿಕನಿಗೆ ಅಗ್ಗವೋ ಆ ಲೆಕ್ಕದಲ್ಲಿ ದರ ಬೀಳುತ್ತದೆ. ನಮ್ಮ ಈಸ್ಟ್ ಹ್ಯಾಮ್ ಮೂರು ಮತ್ತು ನಾಲ್ಕರ ಗಡಿ, ಆದ್ದರಿಂದ ನಗರದ ನಡುವಿಗೆ ಹೋಗುವಾಗ ಮೂರರ ದರ. ಅಲ್ಲಿಂದ ಆಚೆಗೆ ಬಾರ್ಕಿಂಗ್‌ನಲ್ಲಿದ್ದವರು ಅದೇ ರೈಲಿನಲ್ಲಿ ಬಂದರೂ ನಾಲ್ಕರ ದರ ಕೊಡಬೇಕು. ಸ್ಟ್ರ್ಯಾಟ್‌ಫರ್ಡ್ 2016ರ ಜನವರಿಯವರೆಗೆ ಮೂರರಲ್ಲಿತ್ತು, ಅಂದಿನಿಂದ ಎರಡು ಮತ್ತು ಮೂರರ ಗಡಿಯಾಯಿತು. ಮನೆ ತೋರಿಸಲು ಬರುವ ದಲ್ಲಾಳಿಗಳು ಸ್ಟೇಷನ್ನು ಎಷ್ಟು ನಿಮಿಷದ ನಡಿಗೆ ಎಂಬುದನ್ನು ಹೇಳುತ್ತಾರೆ, ಯಾವ ಝೋನು ಎಂಬುದನ್ನು ಕೇಳಿದವರಿಗೆ ಮಾತ್ರ ಹೇಳುತ್ತಾರೆ.

ಕೊರತೆಗಳೂ ಇವೆ, ಸಣ್ಣವಲ್ಲ. ಎಲ್ಲಕ್ಕಿಂತ ದೊಡ್ಡದು, ತಿಂಗಳ ಮಿತಿ ಎಂಬುದು ಇಲ್ಲದಿರುವುದು. ಸಂಬಳವೂ ಬಾಡಿಗೆಯೂ ತಿಂಗಳ ಲೆಕ್ಕದಲ್ಲಿರುವಾಗ ಕಾರ್ಡು ಮಾತ್ರ ವಾರಕ್ಕೆ ನಿಲ್ಲುತ್ತದೆ. ಪ್ರತಿ ವಾರವೂ ಮೂರು ಝೋನಿನ ಮಿತಿಯನ್ನು ಮುಟ್ಟುವಷ್ಟು ಓಡಾಡುವವರು ತಿಂಗಳಿಗೆ ಸರಾಸರಿ 227.50 ಪೌಂಡ್ ಕೊಡುತ್ತಾರೆ. ಅವರೇ ಅದೇ ಝೋನುಗಳ ತಿಂಗಳ ಟ್ರಾವೆಲ್‌ಕಾರ್ಡ್ ಎಂಬ ಪಾಸನ್ನು ಮೊದಲೇ ಕೊಂಡಿದ್ದರೆ 201.60ರಲ್ಲಿ ಮುಗಿಯುತ್ತಿತ್ತು. ವರ್ಷದ್ದಾದರೆ ನಲವತ್ತು ವಾರದ ಬೆಲೆಗೆ ಐವತ್ತೆರಡು ವಾರ ಸಿಗುತ್ತದೆ. ಊಹಿಸುವ ಗೋಜಿಲ್ಲ ಎಂದು ಮೇಲೆ ಹೊಗಳಿದೆನಲ್ಲ, ಹೆಚ್ಚು ಓಡಾಡುವವರಿಗೆ ಆ ಊಹೆಯ ಗೋಜು ಮತ್ತೆ ಬಂದು ಕೂರುತ್ತದೆ. ಎರಡನೆಯದು, ಸೋಮವಾರದ ಹಠ. ಬುಧವಾರ ಬಂದಿಳಿದು ಮಂಗಳವಾರದವರೆಗೆ ಓಡಾಡುವವರಿಗೆ ಎಣಿಕೆ ಎರಡು ವಾರಗಳಿಗೆ ಹಂಚಿಹೋಗಿ ಯಾವ ವಾರದ ಮಿತಿಯೂ ದಕ್ಕುವುದಿಲ್ಲ. ಅವರು ಯಾವ ದಿನದಿಂದ ಬೇಕಾದರೂ ಶುರುವಾಗುವ ಏಳು ದಿನದ ಟ್ರಾವೆಲ್‌ಕಾರ್ಡನ್ನು ಅಷ್ಟೇ ಬೆಲೆಗೆ ಕೊಳ್ಳುವುದು ಜಾಣತನ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ಪಕ್ಕದ ಮನೆಯ ನರ್ಸ್ ಭಾನುವಾರ ರಾತ್ರಿ ಹೋಗಿದ್ದು ಒಂದು ವಾರಕ್ಕೆ, ಸೋಮವಾರ ಬೆಳಿಗ್ಗೆ ಬಂದದ್ದು ಮತ್ತೊಂದು ವಾರಕ್ಕೆ ಎಂದು ನಗುತ್ತಾರೆ. ಮೂರನೆಯದು ನೀಲಿ ಕಾರ್ಡಿಗೆ ಮಾತ್ರ ಸೇರಿದ್ದು. ಭಾರತೀಯರು ಬಹಳವಾಗಿ ನೆಲೆಸಿರುವ ಸ್ಲೌ ಊರಿಗೆ ಎಲಿಜಬೆತ್ ಲೈನಿನ ರೈಲು ಹೋಗುತ್ತದೆ, ಆದರೆ ಆಯ್ಸ್ಟರ್ ವೆಸ್ಟ್ ಡ್ರೇಟನ್ನಿನವರೆಗೆ ಮಾತ್ರ ನಡೆಯುತ್ತದೆ, ಆಚೆಗೆ ಬ್ಯಾಂಕ್ ಕಾರ್ಡೇ ಗತಿ. ಅಲ್ಲಿನ ನೆಂಟರ ಮನೆಗೆ ಹೋಗುವ ದಿನ ನಾವೂ ಡಬ್ಬಿಯನ್ನು ಮನೆಯಲ್ಲಿ ಬಿಟ್ಟು ಹೊರಡುತ್ತೇವೆ.

ಕಳೆದ ಬೇಸಿಗೆಯಲ್ಲಿ ಅಪ್ಪ ಅಮ್ಮ ಆರು ವಾರ ಬಂದಿದ್ದರು. ಅರವತ್ತು ದಾಟಿದವರಿಗೆ ಇರುವ ಉಚಿತ ಪ್ರಯಾಣದ ಕಾರ್ಡು ಲಂಡನ್ನಿನ ನಿವಾಸಿಗಳಿಗೆ ಮಾತ್ರವಾದ್ದರಿಂದ ಇಬ್ಬರಿಗೂ ಒಂದೊಂದು ನೀಲಿ ಕಾರ್ಡು ಕೊಂಡೆವು. ಒಂದೇ ಕಾರ್ಡನ್ನು ಇಬ್ಬರು ಜೊತೆಯಲ್ಲಿ ಬಳಸುವಂತಿಲ್ಲ. ಮೂವತ್ತು ವರ್ಷ ಕೆಎಸ್ಸಾರ್ಟಿಸಿಯಲ್ಲಿ ಕಂಡಕ್ಟರಾಗಿದ್ದ ಅಪ್ಪನಿಗೆ ಇಲ್ಲಿನ ಬಸ್ಸಿನಲ್ಲಿ ಸ್ಟೇಜೂ ಇಲ್ಲ, 2014ರಿಂದ ನಗದೂ ಇಲ್ಲ ಎಂಬುದು ಮೊದಲು ನಂಬಿಕೆಗೆ ಬರಲಿಲ್ಲ. ಚಿಲ್ಲರೆಯ ಜಗಳವಿಲ್ಲದೆ ಬಸ್ಸು ಹೇಗೆ ಓಡುತ್ತದೆ ಎಂದು ಕೇಳಿದರು. ಒಂದು ಭಾನುವಾರ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವೇಶ್ವರರ ಪ್ರತಿಮೆಯನ್ನು ನೋಡಲು ಹೋದೆವು. ಶನಿವಾರ, ಭಾನುವಾರ ದಿನವಿಡೀ ದಟ್ಟಣೆಯಿಲ್ಲದ ದರವೇ ಇರುವುದರಿಂದ ವೆಸ್ಟ್‌ಮಿನ್‌ಸ್ಟರಿನವರೆಗೆ ನೇರವಾಗಿ ರೈಲಿನಲ್ಲಿ ಹೋಗಿ, ಸೇತುವೆ ದಾಟಿ, ನದಿಯ ದಡದಲ್ಲಿ ನಡೆದುಕೊಂಡು ಹೋಗುವುದು ಅಗ್ಗವೂ ಹೌದು, ವಯಸ್ಸಾದವರಿಗೆ ಹಿತವೂ ಹೌದು. ಅಪ್ಪ ಪ್ರತಿ ಗೇಟಿನಲ್ಲಿ ನಿಂತು ಪರದೆಯ ಅಂಕಿಯನ್ನು ಓದಿ, ರೂಪಾಯಿಗೆ ಪರಿವರ್ತಿಸಿ, ಅಮ್ಮನಿಗೆ ಹೇಳಿ, ಆಮೇಲೆ ಮುಂದೆ ಹೋಗುತ್ತಿದ್ದರು; ಹಿಂದೆ ನಿಂತ ಜನ ಸಹನೆಯಿಂದ ಕಾಯುತ್ತಿದ್ದರು.

ಹೊರಡುವ ದಿನ ಅವರ ಕಾರ್ಡಿನಲ್ಲಿ 6.40 ಪೌಂಡ್ ಉಳಿದಿತ್ತು. ಹತ್ತು ಪೌಂಡಿನೊಳಗಿನ ಬಾಕಿಯನ್ನು ಸ್ಟೇಷನ್ನಿನ ಯಂತ್ರದಲ್ಲೇ ವಾಪಸು ಪಡೆಯಬಹುದು ಎಂದೆ. ತುಂಬಿದ ಹಣಕ್ಕೆ ಅವಧಿ ಇದೆಯೇ ಎಂದು ಕೇಳಿದರು. ಇಲ್ಲವೆಂದಾಗ, ಹಾಗಾದರೆ ಇರಲಿ, ಟಿಕೆಟ್ಟಿನ ಹಿಂದೆ ಚಿಲ್ಲರೆ ಬರೆದುಕೊಟ್ಟ ಹಾಗೆ, ಮುಂದಿನ ಸಲ ಬಂದಾಗ ಇಳಿಯುವ ಮೊದಲು ಕೇಳಿ ತೆಗೆದುಕೊಳ್ಳುತ್ತೇನೆ ಎಂದು ಕಾರ್ಡನ್ನು ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿ ಇಟ್ಟು ಹೋದರು.